ಬೋರ್ಡು ಬದಲಾಯಿತು, ಟೀಚರಿಗೆ ಪುರುಸೊತ್ತು ಸಿಕ್ಕಿತೇ?

ಕರ್ನಾಟಕದಲ್ಲಿ ಮೂರರಿಂದ ಆರು ವರ್ಷದ ಮಕ್ಕಳ ಬಗ್ಗೆ ನಡೆಯುತ್ತಿರುವ ಜಗಳ ಬಹುಮಟ್ಟಿಗೆ ಜಾಗದ ಜಗಳ. ಈ ಮಕ್ಕಳು ಕೂರಬೇಕಾದದ್ದು ಅಂಗನವಾಡಿಯಲ್ಲೋ, ಸರ್ಕಾರಿ ಶಾಲೆಯ ಎಲ್‌ಕೆಜಿಯಲ್ಲೋ, ದುಡ್ಡು ಕೊಟ್ಟು ಸೇರಿಸುವ ಖಾಸಗಿ ನರ್ಸರಿಯಲ್ಲೋ ಎಂಬುದೇ ಪ್ರಶ್ನೆ. 2019ರಲ್ಲಿ ಸರ್ಕಾರವೇ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭವಾದವು. 2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿಗೆ ಅವನ್ನು ವಿಸ್ತರಿಸಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೆಲ್ಲ ಶಾಲೆಯ ಕಡೆ ಹೊರಟರೆ ತಮ್ಮ ಕೇಂದ್ರಗಳಿಗೆ ಬೀಗವೇ ಗತಿ ಎಂಬುದು ಅವರ ಆತಂಕ. ಸರ್ಕಾರ ಮಾತುಕತೆಗೆ ಕುಳಿತು, ಅಂಗನವಾಡಿಗಳಲ್ಲಿಯೇ ಎಲ್‌ಕೆಜಿ, ಯುಕೆಜಿ ನಡೆಸುವುದಾಗಿ ಹೇಳಿತು. ಅದೇ ವರ್ಷ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಬೋರ್ಡು ಬಂತು. ಗೋಡೆಗೆ ಬಣ್ಣ, ಮಕ್ಕಳಿಗೆ ಸಮವಸ್ತ್ರ, ಬೆನ್ನಿಗೆ ಚೀಲ.

ಈ ನಡುವೆ ವಯಸ್ಸಿನ ಗೊಂದಲ ಬೇರೆ. ಜೂನ್ 1ಕ್ಕೆ ಆರು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಒಂದನೇ ತರಗತಿಗೆ ಪ್ರವೇಶ ಎಂಬ ಆದೇಶ 2022ರಲ್ಲಿಯೇ ಹೊರಟಿತ್ತು. ಪೋಷಕರ ಗಲಾಟೆಯಿಂದಾಗಿ ಅದು ಮುಂದಕ್ಕೆ ಹೋಯಿತು. 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು ಎಂದು ಸರ್ಕಾರ ಸಡಿಲಿಕೆ ಕೊಟ್ಟಿತು. ಅದು 2025–26ರ ಸಾಲಿಗೆ ಮಾತ್ರ, ಮುಂದಿನ ವರ್ಷದಿಂದ ಆರು ವರ್ಷ ಕಡ್ಡಾಯ ಎಂದೂ ಹೇಳಿತು. ಪೋಷಕರ ಸಿಟ್ಟಿಗೆ ಕಾರಣವಿತ್ತು. ಎರಡೂವರೆ ವರ್ಷಕ್ಕೇ ಪ್ರೀ ನರ್ಸರಿಗೆ ಸೇರಿಸಿ, ಮೂರೂವರೆಗೆ ಎಲ್‌ಕೆಜಿ, ನಾಲ್ಕೂವರೆಗೆ ಯುಕೆಜಿ ಸೇರಿಸಲು ಲೆಕ್ಕ ಹಾಕಿಕೊಂಡವರಿಗೆ, ಮಗು ಇನ್ನೊಂದು ವರ್ಷ ಯುಕೆಜಿಯಲ್ಲಿಯೇ ಕೂರಬೇಕೆಂದರೆ ಒಂದು ವರ್ಷವೂ ಹೋಯಿತು, ಒಂದು ವರ್ಷದ ಶುಲ್ಕವೂ ಹೋಯಿತು ಎನ್ನಿಸುತ್ತದೆ. ಮಗುವಿಗೆ ಆ ವರ್ಷ ನಷ್ಟವೋ ಲಾಭವೋ ಎಂದು ಕೇಳಿದವರು ಕಡಿಮೆ.

ಕೇಳಬೇಕಾದದ್ದು ಅದನ್ನೇ. ಬೋರ್ಡು ಯಾವ ಇಲಾಖೆಯದು, ಮಾಧ್ಯಮ ಯಾವುದು, ವಯಸ್ಸು ಐದೂವರೆಯೋ ಆರೋ ಎಂಬ ಪ್ರಶ್ನೆಗಳೆಲ್ಲ ಇರಲಿ. ಅವುಗಳಿಗಿಂತ ಮೊದಲು, ಒಳಗೆ ಕುಳಿತ ಮಗುವಿನ ಜೊತೆ ದೊಡ್ಡವರೊಬ್ಬರು ದಿನಕ್ಕೆ ಎಷ್ಟು ಹೊತ್ತು ಬಿಡುವಾಗಿ ಮಾತನಾಡುತ್ತಾರೆ, ಆಡುತ್ತಾರೆ ಎಂಬುದು ಗೊತ್ತಾಗಬೇಕು. ನರ್ಸರಿಯೊಂದು ಕೆಲಸ ಮಾಡುತ್ತಿದೆಯೇ ಇಲ್ಲವೇ ಎನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಹೊತ್ತು. ಅದನ್ನು ಅಳೆಯುವ ಕಾಲಂ ಯಾವ ಇಲಾಖೆಯ ನಮೂನೆಯಲ್ಲಿಯೂ ಕಾಣುವುದಿಲ್ಲ.

ಮೂರು, ನಾಲ್ಕು, ಐದು ವರ್ಷದ ಮಗು ನರ್ಸರಿಯಲ್ಲಿ ಕಲಿಯುವುದಾದರೂ ಏನನ್ನು? ಕೆರೆ–ದಡ ಆಟವನ್ನು ನೋಡಿ. ನೆಲದ ಮೇಲೊಂದು ಗೆರೆ. ಟೀಚರ್ ‘ಕೆರೆ’ ಎಂದರೆ ಮಕ್ಕಳು ಗೆರೆಯ ಒಳಗೆ ಹಾರಬೇಕು, ‘ದಡ’ ಎಂದರೆ ಹೊರಗೆ. ದಡದ ಮೇಲೆ ನಿಂತಿರುವಾಗಲೇ ಇನ್ನೊಮ್ಮೆ ‘ದಡ’ ಎಂದರೆ ಅಲ್ಲಾಡದೆ ನಿಲ್ಲಬೇಕು. ಮೂರು ವರ್ಷದ ಮಗು ಹಾರಿಯೇ ಬಿಡುತ್ತದೆ. ಕಿವಿಗೆ ಶಬ್ದ ಬಿದ್ದ ಕೂಡಲೇ ಕಾಲು ಓಡುವ ವಯಸ್ಸು ಅದು. ಐದು ವರ್ಷದ ಮಗು ತುಟಿ ಕಚ್ಚಿಕೊಂಡು ತನ್ನನ್ನು ತಾನೇ ತಡೆಯುತ್ತದೆ. ಈ ಎರಡು ವರ್ಷಗಳಲ್ಲಿ ನಡೆದಿರುವ ಕೆಲಸ ಬಹಳ ದೊಡ್ಡದು: ಹೇಳಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು, ಕೈಕಾಲನ್ನು ಹಿಡಿತಕ್ಕೆ ತಂದುಕೊಳ್ಳುವುದು, ನಿಯಮ ಬದಲಾದರೆ ತಾನೂ ಬದಲಾಗುವುದು. ಮುಂದೆ ಒಂದನೇ ತರಗತಿಯಲ್ಲಿ ಸಾಲು ತಪ್ಪದೆ ಓದಲು, ಲೆಕ್ಕದ ನಡುವೆ ಗಮನ ಹಾರಿಹೋಗದಂತೆ ಕೂರಲು, ಜಗಳವಾದಾಗ ಕೈ ಎತ್ತದೆ ಬಾಯಲ್ಲಿ ಹೇಳಲು ಬೇಕಾದದ್ದು ಇದೇ ಹಿಡಿತ. ಅಜ್ಜಿಯರ ಕಾಲದಿಂದ ಇರುವ ಈ ಆಟಕ್ಕೆ ಒಂದು ಪೈಸೆಯ ಸಾಮಗ್ರಿಯೂ ಬೇಡ. ಆಟವನ್ನು ಆಡಿಸುವ, ಅದರ ವೇಗವನ್ನು ಮಕ್ಕಳ ಮುಖ ನೋಡಿ ಏರಿಸಿ ಇಳಿಸುವ ಒಬ್ಬರು ಬೇಕು, ಅಷ್ಟೇ.

ಲೆಕ್ಕವೂ ಹೀಗೆಯೇ. ಮಗುವಿನ ಮುಂದೆ ಐದು ಹುಣಸೆ ಬೀಜ ಇಟ್ಟು ಎಣಿಸಲು ಹೇಳಿ. ಬೆರಳಿಟ್ಟು ‘ಒಂದು, ಎರಡು, ಮೂರು, ನಾಲ್ಕು, ಐದು’ ಎಂದು ಸರಿಯಾಗಿಯೇ ಎಣಿಸುತ್ತದೆ. ‘ಹಾಗಾದರೆ ಒಟ್ಟು ಎಷ್ಟಿವೆ?’ ಎಂದು ಕೇಳಿದರೆ ಮತ್ತೆ ಮೊದಲಿನಿಂದ ಎಣಿಸಲು ಶುರುಮಾಡುತ್ತದೆ. ಬಾಯಿಪಾಠ ಬಂದಿದೆ, ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎನ್ನುವ ಅರಿವು ಇನ್ನೂ ಬಂದಿಲ್ಲ. ನೂರರವರೆಗೆ ಗಟ್ಟಿಯಾಗಿ ಹೇಳುವ ಮಗುವಿಗೂ ಈ ಅರಿವು ಬಂದಿರದೇ ಇರಬಹುದು, ಹತ್ತರವರೆಗೆ ಮಾತ್ರ ಬಲ್ಲ ಮಗುವಿಗೆ ಬಂದಿರಬಹುದು. ನೆಂಟರ ಮುಂದೆ ಮೆಚ್ಚುಗೆ ಸಿಗುವುದು ಮೊದಲನೆಯ ಮಗುವಿಗೆ, ಒಂದನೇ ತರಗತಿಯ ಕೂಡುವ ಲೆಕ್ಕ ಸಲೀಸಾಗುವುದು ಎರಡನೆಯದಕ್ಕೆ. ಟೀಚರ್ ಒಂದು ಬೀಜವನ್ನು ಮುಷ್ಟಿಯಲ್ಲಿ ಬಚ್ಚಿಟ್ಟು ‘ಈಗ?’ ಎಂದು ಕೇಳಿದಾಗ, ಊಟಕ್ಕೆ ಕೂರುವಾಗ ‘ನಿಮ್ಮ ಸಾಲಿಗೆ ಇನ್ನೆಷ್ಟು ತಟ್ಟೆ ಬೇಕು?’ ಎಂದು ಕೇಳಿದಾಗ ಆ ಅರಿವು ಮೂಡುತ್ತದೆ. ಸ್ವಲ್ಪ ದೊಡ್ಡವರಾದರೆ ಅಳಗುಳಿಮಣೆ ಇದೆ. ಒಂದೊಂದು ಗುಳಿಗೆ ಒಂದೊಂದು ಕಾಳು ಹಾಕುತ್ತಾ ಹೋಗುವುದಕ್ಕಿಂತ ಒಳ್ಳೆಯ ಗಣಿತದ ಕಿಟ್ ಇಷ್ಟು ಅಗ್ಗಕ್ಕೆ ಸಿಗಲಿಕ್ಕಿಲ್ಲ.

ಬರವಣಿಗೆಯ ವಿಷಯಕ್ಕೆ ಬಂದರೆ ನಮ್ಮ ಅವಸರ ಮಿತಿ ಮೀರಿದೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿರಬೇಕು. ಮೂರು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇನ್ನೂ ಮೆದು ಎಲುಬಿನ ಹಂತದಲ್ಲಿಯೇ ಇರುತ್ತವೆ, ಎಕ್ಸ್‌ರೇ ತೆಗೆದರೆ ಕಾಣುವುದೂ ಇಲ್ಲ. ಆ ಕೈಗೆ ಪೆನ್ಸಿಲ್ ಹಿಡಿಸಿ ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ಕಾಪಿ ಬರೆಸುತ್ತೇವೆ. ಮಣ್ಣು ಕಲಸುವುದು, ಹೂ ಪೋಣಿಸುವುದು, ಬಟಾಣಿ ಸುಲಿಯುವುದು, ಬಟ್ಟೆ ಹಿಂಡುವುದು, ಕಾಗದ ಹರಿಯುವುದು ಆ ಕೈಯ ಪಾಠಗಳು. ಇವನ್ನು ಮಾಡಿಸುವ ನರ್ಸರಿಯನ್ನು ‘ಅಲ್ಲಿ ಏನೂ ಹೇಳಿಕೊಡುವುದಿಲ್ಲ’ ಎಂದು ಬಿಡಿಸಿ ಬೇರೆ ಕಡೆ ಸೇರಿಸಿದ ತಂದೆತಾಯಿ ಊರಿಗೆ ನಾಲ್ವರಾದರೂ ಸಿಗುತ್ತಾರೆ.

ಕನ್ನಡ ಓದಿನ ಮಟ್ಟಿಗೆ ಈ ಅವಸರಕ್ಕೆ ಇನ್ನೂ ಕಡಿಮೆ ಆಧಾರವಿದೆ. ವರ್ಣಮಾಲೆಯಲ್ಲಿ 49 ಅಕ್ಷರ. ಅದರ ಮೇಲೆ ಕಾಗುಣಿತ ಸೇರಿದರೆ ಲೆಕ್ಕ ನಾನೂರು ದಾಟುತ್ತದೆ, ಒತ್ತಕ್ಷರಗಳದ್ದು ಬೇರೆ. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಹತ್ತಿರದಿಂದ ಅಧ್ಯಯನ ಮಾಡಿರುವ ಸೊನಾಲಿ ನಾಗ್ ತೋರಿಸಿರುವುದೇನೆಂದರೆ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಮಕ್ಕಳಿಗೆ ಒಂದೆರಡು ವರ್ಷ ಸಾಲದು, ನಾಲ್ಕನೇ ತರಗತಿಯವರೆಗೂ ಆ ಕಲಿಕೆ ನಡೆದೇ ಇರುತ್ತದೆ. ಇಷ್ಟು ದೀರ್ಘ ದಾರಿಯಲ್ಲಿ ನರ್ಸರಿಯಲ್ಲಿ ಆರು ತಿಂಗಳು ಮುಂಚೆ ‘ಅ, ಆ’ ತಿದ್ದಿಸಿದ್ದರಿಂದ ಆಗುವ ಲಾಭ ಅಲ್ಪ. ಅದೇ ಆರು ತಿಂಗಳಲ್ಲಿ ಕಥೆ ಕೇಳಿಸಿ, ಪ್ರಾಸದ ಪದಗಳನ್ನು ಹುಡುಕಿಸಿ, ‘ಕಮಲ’ದಲ್ಲಿ ಎಷ್ಟು ಚಪ್ಪಾಳೆ, ‘ಮರ’ದಲ್ಲಿ ಎಷ್ಟು ಚಪ್ಪಾಳೆ ಎಂದು ಆಡಿಸಿದರೆ, ಮಾತನ್ನು ಸದ್ದಿನ ತುಂಡುಗಳಾಗಿ ಒಡೆಯಬಹುದು ಎಂಬ ಅರಿವು ಬರುತ್ತದೆ. ಅಕ್ಷರ ಬಂದು ಕೂರುವುದು ಆ ಅರಿವಿನ ಮೇಲೆ. ಪದಸಂಪತ್ತು ಇಲ್ಲದ ಮಗು ಅಕ್ಷರ ಕೂಡಿಸಿ ‘ಬ-ಣ-ವೆ’ ಎಂದು ಓದಿದರೂ ಬಣವೆ ಎಂದರೇನೆಂದು ಗೊತ್ತಿರದಿದ್ದರೆ ಅದು ಓದಲ್ಲ.

ಇದೆಲ್ಲ ತಜ್ಞರಿಗೆ ಹೊಸದಲ್ಲ, ಸರ್ಕಾರಕ್ಕೂ ಹೊಸದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತ ಎಂದು ಕರೆಯಿತು. 2022ರ ಅಕ್ಟೋಬರ್‌ನಲ್ಲಿ ಈ ಹಂತದ ಪಠ್ಯಕ್ರಮ ಚೌಕಟ್ಟು ಬಂತು. ಆಟವೇ ಕಲಿಕೆಯ ದಾರಿ, ಮನೆಮಾತೇ ಕಲಿಕೆಯ ಮಾಧ್ಯಮ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳಿಗಾಗಿ ‘ಆಧಾರಶಿಲಾ’ ಎಂಬ ಪಠ್ಯಕ್ರಮ ಹೊರತಂದಿತು. ರಾಜ್ಯದ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆ ಪಠ್ಯ ಅದಕ್ಕಿಂತ ಮೊದಲಿನಿಂದಲೇ ಇದೆ. ಒಂದನೇ ತರಗತಿಯಿಂದ ಮೂರರವರೆಗೆ ನಲಿ–ಕಲಿ ಇದೆ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರು ಕಟ್ಟಿದ ಪದ್ಧತಿ ಅದು, ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತಿದೆ. ಆರು ವರ್ಷದ ಮಗು ಸರ್ಕಾರಿ ಶಾಲೆಯಲ್ಲಿ ನೆಲದ ಮೇಲೆ ಗುಂಪಾಗಿ ಕುಳಿತು ಕಾರ್ಡು ಆಡುತ್ತಾ ಕಲಿಯಬೇಕು ಎನ್ನುವ ರಾಜ್ಯದಲ್ಲಿಯೇ, ನಾಲ್ಕು ವರ್ಷದ ಮಗು ಖಾಸಗಿ ಎಲ್‌ಕೆಜಿಯಲ್ಲಿ ಬೆಂಚಿನ ಮೇಲೆ ಬಾಯಿಗೆ ಬೆರಳಿಟ್ಟು ಕೂರಬೇಕು. ಇಂಥ ತಮಾಷೆ ಬೇರೆ ಕಡೆ ಸಿಗುವುದು ಕಷ್ಟ.

ಶಿಕ್ಷಣ ನೀತಿಯ ಒಂದು ವಾಕ್ಯ ಮಾತ್ರ ಬಹಳ ಪ್ರಚಾರ ಪಡೆಯಿತು: ಮಿದುಳಿನ ಒಟ್ಟು ಬೆಳವಣಿಗೆಯ 85 ಶೇಕಡಕ್ಕೂ ಹೆಚ್ಚು ಆರು ವರ್ಷದೊಳಗೇ ಆಗುತ್ತದೆ ಎಂಬುದು. ಖಾಸಗಿ ನರ್ಸರಿಗಳ ಕರಪತ್ರದಲ್ಲಿ ಇದು ‘ಬೇಗ ಸೇರಿಸಿ, ಹೆಚ್ಚು ಕಲಿಸಿ’ ಎಂಬ ಅರ್ಥ ಪಡೆದಿದೆ. ಆದರೆ ಆ ಬೆಳವಣಿಗೆ ಆಗುವುದು ಮಗು ಏನೋ ತೊದಲಿದಾಗ ಎದುರಿನವರು ಅದಕ್ಕೆ ಉತ್ತರ ಕೊಡುವುದರಿಂದ, ಮಗು ಮತ್ತೆ ಕೇಳುವುದರಿಂದ, ಅವರು ಮತ್ತೆ ಹೇಳುವುದರಿಂದ. ನಿದ್ದೆ, ಊಟ, ಓಡಾಟ, ಅಕ್ಕರೆ ಇವುಗಳಿಂದ. ವರ್ಕ್‌ಶೀಟುಗಳಿಂದ ಆಗುತ್ತದೆ ಎಂದು ಆ ಅಂಕಿಯ ಹಿಂದಿರುವ ವಿಜ್ಞಾನ ಎಲ್ಲಿಯೂ ಹೇಳಿಲ್ಲ.

ನರ್ಸರಿಗೆ ಹೋದ ಮಕ್ಕಳೆಲ್ಲ ಮುಂದೆ ಬರುತ್ತಾರೆ ಎಂಬ ನಂಬಿಕೆಯನ್ನೂ ಸ್ವಲ್ಪ ತಿಕ್ಕಿ ನೋಡಬೇಕು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಮಿಷಿಗನ್ ರಾಜ್ಯದ ಪೆರಿ ಪ್ರೀಸ್ಕೂಲ್. 1962ರಿಂದ 1967ರವರೆಗೆ 123 ಬಡ ಕಪ್ಪು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಉತ್ತಮ ನರ್ಸರಿ ಕೊಟ್ಟರು. ಬುದ್ಧಿಮತ್ತೆ ಪರೀಕ್ಷೆಯ ಅಂಕಗಳಲ್ಲಿ ಕಂಡ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ದಶಕಗಳ ನಂತರ ನೋಡಿದರೆ ಆ ಮಕ್ಕಳು ಹೆಚ್ಚು ಓದಿದ್ದರು, ಹೆಚ್ಚು ದುಡಿಯುತ್ತಿದ್ದರು, ಜೈಲಿಗೆ ಹೋದವರು ಕಡಿಮೆ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಇದರ ಲಾಭವನ್ನು ವರ್ಷಕ್ಕೆ ಶೇ 7ರಿಂದ 10 ಎಂದು ಲೆಕ್ಕ ಹಾಕಿದರು. ಭಾಷಣಗಳಲ್ಲಿ ಬರುವುದು ಇಷ್ಟೇ. ಅಲ್ಲಿ ಸುಮಾರು ಆರು ಮಕ್ಕಳಿಗೆ ಒಬ್ಬರು ಶಿಕ್ಷಕರಿದ್ದರು, ಅವರು ವಾರಕ್ಕೊಮ್ಮೆ ಮಗುವಿನ ಮನೆಗೇ ಹೋಗಿ ತಾಯಿಯ ಜೊತೆ ಕೂರುತ್ತಿದ್ದರು ಎನ್ನುವುದು ಭಾಷಣಕ್ಕೆ ಬರುವುದಿಲ್ಲ.

ಅದೇ ಅಮೆರಿಕದ ಟೆನೆಸೀ ರಾಜ್ಯದ ಕಥೆ ಇದಕ್ಕೆ ತದ್ವಿರುದ್ಧ. ಸರ್ಕಾರಿ ಪೂರ್ವಪ್ರಾಥಮಿಕ ತರಗತಿಗಳಿಗೆ ಅರ್ಜಿ ಹೆಚ್ಚು ಬಂದ ಕಡೆ ಲಾಟರಿ ಎತ್ತಿ ಮಕ್ಕಳನ್ನು ಸೇರಿಸಿಕೊಂಡಿದ್ದರು. ಸೀಟು ಸಿಕ್ಕವರನ್ನೂ ಸಿಗದವರನ್ನೂ ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: ಆರನೇ ತರಗತಿಯ ಹೊತ್ತಿಗೆ ಸೀಟು ಸಿಕ್ಕ ಮಕ್ಕಳೇ ಓದಿನಲ್ಲಿ ಹಿಂದಿದ್ದರು, ಶಿಸ್ತಿನ ತಕರಾರುಗಳೂ ಅವರದ್ದೇ ಹೆಚ್ಚು. ಏಕೆ ಹೀಗಾಯಿತು ಎಂಬ ಚರ್ಚೆ ಮುಗಿದಿಲ್ಲ. ಪಾಠವನ್ನು ಇಡೀ ಗುಂಪಿಗೆ ಒಪ್ಪಿಸಿ, ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ಕೂರಿಸುವುದರಲ್ಲಿಯೇ ದಿನ ಕಳೆಯುತ್ತಿತ್ತು ಎಂಬುದು ಒಂದು ಬಲವಾದ ಗುಮಾನಿ. ಎರಡೂ ಕಡೆ ಇದ್ದದ್ದು ನರ್ಸರಿಯೇ. ಫಲ ಮಾತ್ರ ಬೇರೆ.

ನಮ್ಮ ದೇಶದಲ್ಲಿ ಇದನ್ನು ನೋಡಿದವರೂ ಇದ್ದಾರೆ. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ಮತ್ತು ಮಕ್ಕಳ ಕಲಿಕೆಯ ಸಮೀಕ್ಷೆ ನಡೆಸುವ ‘ಅಸರ್’ ಕೇಂದ್ರದವರು ಅಸ್ಸಾಂ, ರಾಜಸ್ಥಾನ ಹಾಗೂ ಆಗ ಒಂದಾಗಿದ್ದ ಆಂಧ್ರಪ್ರದೇಶದಲ್ಲಿ ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕರಿಂದ ಎಂಟು ವರ್ಷದವರೆಗೆ ಹಿಂಬಾಲಿಸಿ 2017ರಲ್ಲಿ ವರದಿ ಕೊಟ್ಟರು. ಮಕ್ಕಳು ನೀತಿಯಲ್ಲಿ ಬರೆದಂತೆ ನಡೆಯುವುದಿಲ್ಲ. ಅಂಗನವಾಡಿಯಿಂದ ಖಾಸಗಿಗೆ, ಅಲ್ಲಿಂದ ಒಂದನೇ ತರಗತಿಗೆ, ಮತ್ತೆ ಹಿಂದಕ್ಕೆ ಓಡಾಡುತ್ತಿರುತ್ತಾರೆ ಎಂದು ಅದು ತೋರಿಸಿತು. ಖಾಸಗಿ ನರ್ಸರಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ಒಂದನೇ ತರಗತಿಯ ಪಾಠವೇ, ಅಂಗನವಾಡಿಗಳಲ್ಲಿ ಪಾಠಕ್ಕೂ ಆಟಕ್ಕೂ ಸಿಗುವ ಸಮಯ ತೀರಾ ಕಡಿಮೆ ಎಂದೂ ಕಂಡುಬಂತು. ಒಂದು ಕಡೆ ತಪ್ಪು ಕೆಲಸಕ್ಕೆ ಸಮಯ, ಇನ್ನೊಂದು ಕಡೆ ಸರಿಯಾದ ಕೆಲಸಕ್ಕೆ ಸಮಯವಿಲ್ಲ.

ಅಂಗನವಾಡಿಯಲ್ಲಿ ಸಮಯ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಾದರೆ ಯಾವುದಾದರೂ ಹಳ್ಳಿಯ ಕೇಂದ್ರದಲ್ಲಿ ಒಂದು ಬೆಳಿಗ್ಗೆ ಕುಳಿತರೆ ಸಾಕು. ಒಂಬತ್ತೂವರೆಗೆ ಬಾಗಿಲು. ಸಹಾಯಕಿ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವ ಹೊತ್ತಿಗೆ ಕಾರ್ಯಕರ್ತೆ ಹಾಜರಾತಿಯನ್ನು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತುಂಬಿಸಬೇಕು. ಹಾಲು ಕಾಯಿಸಬೇಕು. ಪುಟ್ಟ ಹುಡುಗಿಯೊಬ್ಬಳು ಬಾಟಲಿ ಮುಚ್ಚಳಗಳನ್ನು ಬಣ್ಣದ ಪ್ರಕಾರ ಜೋಡಿಸಿ ‘ಟೀಚರ್, ನೋಡಿ’ ಎಂದು ಸೆರಗು ಎಳೆಯುವಾಗ ಮನೆಗೆ ಒಯ್ಯುವ ಪಡಿತರಕ್ಕೆ ಬಾಣಂತಿಯೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ. 2025ರ ಜುಲೈನಿಂದ ಈ ಪಡಿತರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯ. ಮೊಬೈಲ್ ಹಿಡಿದು ಫೋಟೊ ತೆಗೆದರೆ ನೆಟ್‌ವರ್ಕ್ ಇಲ್ಲ. ಅಂಗಳಕ್ಕೆ ಹೋಗಿ ಮತ್ತೆ ತೆಗೆಯಬೇಕು. ಒಳಗೆ ಬರುವ ಹೊತ್ತಿಗೆ ಮುಚ್ಚಳಗಳು ಚೆಲ್ಲಾಪಿಲ್ಲಿಯಾಗಿವೆ, ಹುಡುಗಿ ಮೂಲೆ ಸೇರಿದ್ದಾಳೆ. ‘ಕೆಂಪು ಎಷ್ಟಿವೆ, ಹಸಿರು ಎಷ್ಟಿವೆ, ಯಾವುದು ಜಾಸ್ತಿ?’ ಎಂದು ಕೇಳಬೇಕಾಗಿದ್ದ ಎರಡು ನಿಮಿಷ ಹೋಯಿತು. ಮಧ್ಯಾಹ್ನ ಗರ್ಭಿಣಿಯರಿಗೆ ಮಾತೃಪೂರ್ಣ ಯೋಜನೆಯ ಊಟ. ತೂಕ, ಎತ್ತರ, ಲಸಿಕೆಯ ಪಟ್ಟಿ. ಚುನಾವಣೆ ಬಂದರೆ ಮತಗಟ್ಟೆಯ ಕೆಲಸ, ಸಮೀಕ್ಷೆ ಬಂದರೆ ಸಮೀಕ್ಷೆ. ಇಷ್ಟರ ನಡುವೆ ಕಥೆ ಹೇಳಲು ಯಾರಿಗೆ ಪುರುಸೊತ್ತು?

ಈ ಊಟ, ತೂಕ, ಲಸಿಕೆಯ ಕೆಲಸ ದಂಡ ಎಂದಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಆರು ತಿಂಗಳು ದಾಟಿದ ಪುಟ್ಟ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ರಕ್ತದಲ್ಲಿ ಕಬ್ಬಿಣದ ಅಂಶ ಸಾಲದ ಮಗು ಕೆರೆ–ದಡದಲ್ಲಿ ಎರಡು ಸಲ ಹಾರಿ ಕೂತುಬಿಡುತ್ತದೆ. ಅಂಗನವಾಡಿಯ ಮೊಟ್ಟೆ, ಹಾಲು ಕಲಿಕೆಗೆ ಹೊರತಾದ ಬಾಬತ್ತಲ್ಲ. ದುಬಾರಿ ನರ್ಸರಿಗಳಲ್ಲಿ ಇಲ್ಲದ ಇನ್ನೊಂದು ಸೌಲಭ್ಯವೂ ಇಲ್ಲಿದೆ: ಆರೋಗ್ಯ ಇಲಾಖೆಯ ತಂಡ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ನಿಯಮ. ಮೂರು ವರ್ಷವಾದರೂ ಹೆಸರು ಕರೆದಾಗ ತಿರುಗದ, ಎರಡು ಪದ ಜೋಡಿಸದ ಮಗುವನ್ನು ‘ನಿಧಾನ ಮಾತು, ನಮ್ಮ ಮನೆತನದಲ್ಲೇ ಹಾಗೆ’ ಎಂದು ಮನೆಯವರು ಸುಮ್ಮನಿರುತ್ತಾರೆ. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ನೋಡುವ ಟೀಚರಿಗೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಿವಿಯ ದೋಷ ಮೂರಕ್ಕೆ ಗೊತ್ತಾಗುವುದಕ್ಕೂ ಏಳಕ್ಕೆ ಗೊತ್ತಾಗುವುದಕ್ಕೂ ಮಗುವಿನ ಮಾತಿನ ಮಟ್ಟಿಗೆ ಅಜಗಜಾಂತರ. ಆದರೆ ಕಣ್ಣಿಗೆ ಹೊಡೆಯಬೇಕಾದರೆ ನೋಡಲು ಬಿಡುವು ಇರಬೇಕಲ್ಲ.

ಹಾಗಾದರೆ ಒಬ್ಬರನ್ನು ಹೆಚ್ಚು ಕೊಟ್ಟರೆ? ತಮಿಳುನಾಡಿನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. 640 ಅಂಗನವಾಡಿಗಳನ್ನು ಆಯ್ದು, ಅರ್ಧದಷ್ಟು ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನದ ಕೆಲಸಕ್ಕೆ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಕಾರ್ತಿಕ್ ಮುರಳೀಧರನ್, ಅಲೆಹಾಂಡ್ರೊ ಗನಿಮಿಯನ್, ಕ್ರಿಸ್ಟಫರ್ ವಾಲ್ಟರ್ಸ್ ಎಂಬ ಅರ್ಥಶಾಸ್ತ್ರಜ್ಞರು ಫಲಿತಾಂಶವನ್ನು ಅಳೆದರು. ಕಲಿಕೆಗೆ ಸಿಗುವ ಸಮಯ ಎರಡು ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಮಕ್ಕಳ ಭಾಷೆ, ಲೆಕ್ಕ ಎರಡೂ ಎದ್ದು ಕಾಣುವಷ್ಟು ಸುಧಾರಿಸಿದವು. ಇನ್ನೊಂದು ಲಾಭವೂ ಬಂತು: ಮೊದಲಿದ್ದ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ, ಆ ಕೇಂದ್ರಗಳಲ್ಲಿ ಕುಂಠಿತ ಬೆಳವಣಿಗೆ, ತೀವ್ರ ಅಪೌಷ್ಟಿಕತೆ ಎರಡೂ ಕಡಿಮೆಯಾದವು. ಹೊಸ ಕಟ್ಟಡ, ಹೊಸ ಬೋರ್ಡು, ಹೊಸ ಸಮವಸ್ತ್ರ ಯಾವುದೂ ಬರಲಿಲ್ಲ.

ನಮ್ಮಲ್ಲಿ ಆದದ್ದು ಬಹುಮಟ್ಟಿಗೆ ಇದರ ತಿರುವುಮುರುವು. ಎಲ್‌ಕೆಜಿ ಎಂಬ ಹೆಸರು ಬಂತು, ಹೊಸ ಪುಸ್ತಕ ಬಂತು. ಕೆಲಸದ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿತು, ಕೈಗಳು ಹೆಚ್ಚಲಿಲ್ಲ. ಸರ್ಕಾರಿ ಶಾಲೆಗಳ ಎಲ್‌ಕೆಜಿಯಲ್ಲಿ ಪರಿಸ್ಥಿತಿ ಬೇರೆ ತರಹ. ಅಲ್ಲಿ ಪಾಠಕ್ಕೆಂದೇ ಒಬ್ಬರಿದ್ದಾರೆ, ಆದರೆ ಗೌರವಧನದ ಮೇಲೆ ವರ್ಷದ ಲೆಕ್ಕದಲ್ಲಿ ಬರುವವರು. ಮಗುವಿನ ಗುಟ್ಟು ತಿಳಿಯುವ ಹೊತ್ತಿಗೆ ಅವರು ಬದಲಾಗಿರುತ್ತಾರೆ. ಊರಿನದೇ ಹೆಣ್ಣುಮಗಳಾದ ಅಂಗನವಾಡಿ ಟೀಚರಿಗೆ ಮಗುವಿನ ಅಜ್ಜಿಯ ಹೆಸರೂ ಗೊತ್ತು, ಮನೆಯ ಮಾತೂ ಗೊತ್ತು. ತಾಂಡಾದ ಮಗು ಲಂಬಾಣಿಯಲ್ಲಿ ನೀರು ಕೇಳಿದರೆ, ಕರಾವಳಿಯ ಮಗು ತುಳುವಿನಲ್ಲಿಯೋ ಬ್ಯಾರಿಯಲ್ಲಿಯೋ ಅತ್ತರೆ ಸಮಾಧಾನ ಮಾಡಲು ಅದು ಬೇಕು. ಮನೆಮಾತಿನಲ್ಲಿ ಉತ್ತರ ಸಿಕ್ಕ ಮಗುವಿಗೆ ಕನ್ನಡವೂ ಬೇಗ ಒಗ್ಗುತ್ತದೆ, ಮುಂದೆ ಇಂಗ್ಲಿಷೂ. ಇಂಗ್ಲಿಷ್ ಬೇಕೆನ್ನುವ ತಾಯಂದಿರನ್ನು ಬೈಯುವವರ ಸಾಲಿನಲ್ಲಿ ನಾನಿಲ್ಲ. ಊರಿನ ಉಳ್ಳವರ ಮಕ್ಕಳು ಹಳದಿ ವ್ಯಾನು ಹತ್ತುವುದನ್ನು ದಿನವೂ ನೋಡುವವರು ಅವರು. ಇಂಗ್ಲಿಷ್ ಹಾಡು, ಕಥೆ, ಮಾತು ನರ್ಸರಿಗೆ ಧಾರಾಳವಾಗಿ ಬರಲಿ. ಅರ್ಥವಾಗದ ಭಾಷೆಯಲ್ಲಿ ಇಡೀ ದಿನ ಸುಮ್ಮನೆ ಕೂರಿಸುವುದು ಮಾತ್ರ ಇಂಗ್ಲಿಷ್ ಕಲಿಸುವ ವಿಧಾನವಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ದುಡಿಯಲು ಹೋಗುವವರ ಮಕ್ಕಳಿಗಾಗಿ. ಮ್ಯಾಕ್‌ಮಿಲನ್ ಸೋದರಿಯರು 1914ರಲ್ಲಿ ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ ಬಯಲು ನರ್ಸರಿ ಕಟ್ಟಿದ್ದೂ ಕೊಳೆಗೇರಿಯ ಮಕ್ಕಳಿಗೆ ಗಾಳಿ, ಬೆಳಕು, ಊಟ, ಆಟ ಸಿಗಲಿ ಎಂದು. ಇಂದು ಬೆಂಗಳೂರಿನಲ್ಲಿ ಮಾಂಟೆಸ್ಸರಿ ಎಂಬ ಬೋರ್ಡು ಕಂಡರೆ ಮೊದಲು ಹೊಳೆಯುವುದು ಶುಲ್ಕ. ಆ ಲೆಕ್ಕದಲ್ಲಿ ಆ ಹೆಸರಿಗೆ ಹೆಚ್ಚು ಹಕ್ಕು ಇರುವುದು ಅಂಗನವಾಡಿಗೇ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ನೂರು ಕೇಂದ್ರಗಳೊಂದಿಗೆ ಶುರುವಾದ ಈ ವ್ಯವಸ್ಥೆ ಈಗ ರಾಜ್ಯದಲ್ಲಿ ಸುಮಾರು 70 ಸಾವಿರ ಕೇಂದ್ರಗಳಷ್ಟು ದೊಡ್ಡದಾಗಿದೆ. ಆದರೆ ಮಾಂಟೆಸ್ಸರಿ ಪದ್ಧತಿಯ ಜೀವ ಇರುವುದು ಮಗು ತಾನೇ ಆರಿಸಿಕೊಂಡ ಕೆಲಸದಲ್ಲಿ ತಲ್ಲೀನವಾಗಿರುವಾಗ ಅದನ್ನು ಗಮನಿಸುತ್ತಾ ಕೂರುವ, ತರಬೇತಾದ ದೊಡ್ಡವರಲ್ಲಿ. ಆ್ಯಪ್ ತುಂಬಿಸುತ್ತಿರುವವರು ಗಮನಿಸುವುದು ಹೇಗೆ?

ಖಾಸಗಿ ನರ್ಸರಿಗಳ ಮೇಲೆ ಹಿಡಿತವಂತೂ ಸಡಿಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗದ ಮಾರ್ಗಸೂಚಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಇರಬೇಕು ಎನ್ನುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನಾಗಲಿ ಪೋಷಕರನ್ನಾಗಲಿ ಸಂದರ್ಶನ ಮಾಡಿ ಸೇರಿಸಿಕೊಳ್ಳುವುದನ್ನು ನಿಷೇಧಿಸುತ್ತದೆ. ಬಾಡಿಗೆ ಮನೆಯ ಮಹಡಿಯಲ್ಲಿ ನಡೆಯುವ ನರ್ಸರಿಗೆ ಇವನ್ನೆಲ್ಲ ನೋಡಲು ಬರುವ ಅಧಿಕಾರಿ ಯಾವ ಇಲಾಖೆಯವರು ಎಂಬುದೇ ಪೋಷಕರಿಗೆ ತಿಳಿಯುವುದಿಲ್ಲ. ಹಾಗಾಗಿ ಪೋಷಕರೇ ನೋಡಬೇಕು. ಸೇರಿಸುವ ಮೊದಲು ಗೇಟಿನ ಹೊರಗೆ ಹತ್ತು ನಿಮಿಷ ನಿಂತು ಕಿವಿಗೊಟ್ಟರೆ ಅರ್ಧ ಗೊತ್ತಾಗುತ್ತದೆ: ಕೇಳುವುದು ಬರೀ ಟೀಚರ್ ದನಿಯೋ, ಮಕ್ಕಳ ಗಲಗಲವೋ? ಒಳಗೆ ಗೋಡೆಯ ಮೇಲೆ ಇರುವುದು ಅಂಗಡಿಯಿಂದ ತಂದ ಚಾರ್ಟುಗಳೋ, ಮಕ್ಕಳೇ ಬಿಡಿಸಿದ ಸೊಟ್ಟ ಸೂರ್ಯನೋ? ಆಟಿಕೆಗಳು ಮಕ್ಕಳ ಕೈಗೆ ಎಟಕುವ ಕಡೆ ಇವೆಯೋ, ಬೀರುವಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿವೆಯೋ? ಕಳೆದ ವರ್ಷದ ಟೀಚರ್ ಈ ವರ್ಷವೂ ಇದ್ದಾರೆಯೇ ಎಂದು ಕೇಳಿ. ಎಸಿ, ಸಿಸಿಟಿವಿ ಕ್ಯಾಮೆರಾಗಳ ವಿಚಾರ ಆಮೇಲೆ.

ಕಾನೂನಿನಲ್ಲಿಯೂ ಒಂದು ಬಿರುಕು ಇದೆ. ಸಂವಿಧಾನದ 2002ರ 86ನೆಯ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರೆಗಿನ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿ, ಆರಕ್ಕಿಂತ ಚಿಕ್ಕವರ ವಿಷಯದಲ್ಲಿ ಸರ್ಕಾರ ‘ಪ್ರಯತ್ನಿಸಬೇಕು’ ಎಂದಷ್ಟೇ ಹೇಳಿತು. ಶಿಕ್ಷಣ ಹಕ್ಕು ಕಾಯ್ದೆಯ 11ನೆಯ ಕಲಂ ಕೂಡ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ ‘ಮಾಡಬಹುದು’ ಎನ್ನುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದು ತೀರ್ಪು ಕೊಡುವಾಗ ಇದೇ 11ನೆಯ ಕಲಮನ್ನು ಎತ್ತಿಕೊಂಡು, ಅವರು ಮಾಡುತ್ತಿರುವುದು ಶಾಸನಬದ್ಧ ಕೆಲಸ ಎಂದು ಗುರುತಿಸಿತು. ಆದರೂ ಅವರು ಇಂದಿಗೂ ‘ಗೌರವಧನ’ದವರು. ಅದರಲ್ಲಿ ಕೇಂದ್ರ ಸರ್ಕಾರದ ಪಾಲು 2018ರಲ್ಲಿ ನಿಗದಿಯಾದ 4,500 ರೂಪಾಯಿ; ಉಳಿದದ್ದನ್ನು ರಾಜ್ಯ ಭರಿಸುತ್ತದೆ. ಪ್ರೊ. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ರಾಜ್ಯ ಶಿಕ್ಷಣ ನೀತಿಯ ವರದಿ ಎರಡು ವರ್ಷದ ಪೂರ್ವಪ್ರಾಥಮಿಕವನ್ನು ಶಾಲಾ ರಚನೆಯ ಒಳಗೇ ಸೇರಿಸಬೇಕು ಎಂದಿದೆ. ಹಾಗೆ ಆದರೆ ಅಂಗನವಾಡಿಯಲ್ಲಿ ಕಲಿಯುವ ಮಗು ಯಾವ ಇಲಾಖೆಯ ಲೆಕ್ಕಕ್ಕೆ ಎಂಬ ಹಳೆಯ ಜಗ್ಗಾಟ ಮತ್ತೆ ಶುರುವಾಗುತ್ತದೆ.

ದುಡ್ಡಿನ ಮಾತು ಆಡದೆ ಇದು ಮುಗಿಯುವುದಿಲ್ಲ. ಪ್ರತಿ ಅಂಗನವಾಡಿಗೂ ಪಾಠಕ್ಕೆಂದೇ ಅರ್ಧ ದಿನಕ್ಕೆ ಇನ್ನೊಬ್ಬರನ್ನು ತಿಂಗಳಿಗೆ 8,000 ರೂಪಾಯಿಗೆ ನೇಮಿಸಿದರೆ ಎಂದಿಟ್ಟುಕೊಳ್ಳಿ. 70 ಸಾವಿರ ಕೇಂದ್ರಗಳಿಗೆ ವರ್ಷಕ್ಕೆ ಸುಮಾರು 670 ಕೋಟಿ ರೂಪಾಯಿ ಆಗುತ್ತದೆ. ಗೃಹಲಕ್ಷ್ಮಿ ಯೋಜನೆಗೆ ರಾಜ್ಯ ವರ್ಷಕ್ಕೆ ಎತ್ತಿಡುವುದು 28 ಸಾವಿರ ಕೋಟಿಗೂ ಹೆಚ್ಚು; ಅದರ ನಲವತ್ತನೇ ಒಂದು ಪಾಲೂ ಇಲ್ಲ. ಒಮ್ಮೆಗೇ ಆಗದಿದ್ದರೆ ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ದಿನವೂ ಬರುವ ಕೇಂದ್ರಗಳಿಂದ ಶುರುಮಾಡಬಹುದು. ದುಡ್ಡೇ ಇಲ್ಲ ಎಂದರೂ, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಆ್ಯಪ್, ಪಡಿತರ, ಸಭೆ ಯಾವುದೂ ಬೇಡ ಎಂಬ ಒಂದು ಸುತ್ತೋಲೆಗೆ ಖರ್ಚೇನಿದೆ? ಕೇಂದ್ರ ಸರ್ಕಾರದ ‘ಪೋಷಣ್ ಭೀ ಪಢಾಯಿ ಭೀ’ (ಪೋಷಣೆಯೂ ಓದೂ) ಕಾರ್ಯಕ್ರಮ ದಿನಕ್ಕೆ ಕನಿಷ್ಠ ಎರಡು ಗಂಟೆಯ ಕಲಿಕೆ ಇರಲಿ ಎಂದು 2023ರಿಂದಲೇ ಹೇಳುತ್ತಿದೆ. ಆ ಎರಡು ಗಂಟೆಯಲ್ಲಿ ಕಾರ್ಯಕರ್ತೆಗೆ ಬೇರೆ ಕೆಲಸ ಹಚ್ಚುವ ಅಧಿಕಾರಿಯನ್ನು ಕೇಳುವವರು ಯಾರು ಎಂಬುದನ್ನೂ ಆ ಸುತ್ತೋಲೆಯಲ್ಲಿಯೇ ಬರೆಯಬೇಕಾಗುತ್ತದೆ.